ಕಲ್ಲು ಕುದಿಸಿದ ಮನೆ

ರೀ, ಬಾಗಿಲು ತೆಗೆಯಬೇಡಿ. ಮೊದಲು ಇದನ್ನು ಓದಿ.

ಮೀನಿನ ತೊಟ್ಟಿಯ ಆ ಸಮುದ್ರದ ಕಲ್ಲಿಗೆ ನೀವು ಸುರಿದದ್ದು ನಾಲ್ಕು ಸಾವಿರ, ನಾನು ಸುರಿದದ್ದು ಒಂದು ಪಾತ್ರೆ ನೀರು. ಅದರ ಮೇಲೆ ಅಂಗಿಯ ಗುಂಡಿಗಳ ಹಾಗೆ ಎದ್ದ ಕಂದು ಬೆಳೆ ಏನೆಂದು ನೀವು ವಾರದಿಂದ ಭೂತಗನ್ನಡಿ ಹಿಡಿದು ನೋಡುತ್ತಲೇ ಇದ್ದಿರಿ. ಏನಾದರೇನು, ಕುದಿಸಿದರೆ ಸಾಯುತ್ತದೆ ಎಂದು ನಾನು ಒಲೆಗಿಟ್ಟೆ.

"ಇನ್ನು ಕಲ್ಲನ್ನೂ ಬೇಯಿಸಿ ಬಡಿಸ್ತೀಯೇನೇ?" ಎಂದು ಅತ್ತೆ ಪಕ್ಕದಲ್ಲೇ ನಿಂತು ನಗುತ್ತಿದ್ದರು. ಹತ್ತು ನಿಮಿಷಕ್ಕೆ ಅವರಿಗೆ ಕೆಮ್ಮು ಹತ್ತಿತು, ಕೈಕಾಲು ನಡುಗಿತು. ಕಲ್ಲು ಮಾರಿದವನಿಗೆ ಫೋನ್ ಮಾಡಿದರೆ, "ಅಕ್ಕಾ, ಅದು ವಿಷದ ಹವಳ! ಆ ಹಬೆ ಒಳಗೆ ತಗೋಬೇಡಿ, ಹೊರಗೆ ಓಡಿ!" ಎಂದು ಕಿರುಚಿದ.

ಒಲೆ ಆರಿಸಿದ್ದೇನೆ, ಕಿಟಕಿ ತೆರೆದಿದ್ದೇನೆ. ಪಾತ್ರೆ ನೋಡಲೆಂದೂ ಒಳಗೆ ಹೋಗಬೇಡಿ, ನಿಮ್ಮ ಕುತೂಹಲ ನನಗೆ ಗೊತ್ತು. ನಿಮ್ಮ ಫೋನು ಸಿಗುತ್ತಿಲ್ಲ. ಆ ಬೆಳೆಯ ಫೋಟೊ ಇರುವುದು ಅದರಲ್ಲೇ, ಡಾಕ್ಟರಿಗೆ ತೋರಿಸಬೇಕು. ಅತ್ತೆಯನ್ನು ಕರೆದುಕೊಂಡು ಹೊರಟಿದ್ದೇನೆ, ನೀವು ನೇರ ದೊಡ್ಡಾಸ್ಪತ್ರೆಗೆ ಓಡಿ ಬನ್ನಿ. ಬೈಯುವುದನ್ನು ಅಲ್ಲೇ ಬೈಯಿರಿ.

ಅತ್ತೆಗೆ ಉಸಿರಿದೆ. ಮಾತು ನಿಂತಿದೆ.