ಏಪ್ರಿಲ್‌ವರೆಗೆ ಕಾಯದ ಮದುವೆ

ಡಿ. 9, ಮಂಗಳವಾರ

ಫ್ಯಾಕ್ಟರಿಯಲ್ಲಿ ಮತ್ತೆ ಎರಡು ಲೇತ್ ಯಂತ್ರ ಕೆಟ್ಟು ನಿಂತವು. ಬೇಗ ಬಿಟ್ಟರು. ಸನತ್‌ನಗರದಿಂದ ಕೋಠಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ನಾನು ಮದುವೆಯಾಗಲಿರುವ ಪಿಂಕಿ ತನ್ನ ಲ್ಯಾಬ್‌ನಿಂದ ಹೊರಗೆ ಬಂದು ಕೈಯಲ್ಲಿ ಒಂದು ರಿಪೋರ್ಟ್ ಇಟ್ಟಳು. ಹೆಸರು ಕುಮುದಾ. ವಯಸ್ಸು 24. ಪ್ರೆಗ್ನೆನ್ಸಿ — ಪಾಸಿಟಿವ್.

"ಯಾರಿಕಿ ಕುಮುದಾ?"

"ನಾನ. ನಾ ಕೆಲಸ ಮಾಡೋ ಲ್ಯಾಬ್‌ನಾಗ ನನ್ನ ಹೆಸರು ಬರೀಲೇನು?"

ಫುಟ್‌ಪಾತಿನ ಮೇಲೆ ಕುಳಿತುಬಿಟ್ಟೆ. ಕುಳಿತದ್ದು ಹಳೇ ಪುಸ್ತಕದ ಅಂಗಡಿಯವನು ಹರವಿದ್ದ ಎಂಟ್ರೆನ್ಸ್ ಗೈಡುಗಳ ಮೇಲೆ. ಅವನೇ ಎಬ್ಬಿಸಿದ.

ಡಿ. 10

ಮದುವೆ ಏಪ್ರಿಲ್ 20ಕ್ಕೆ. ನಾವು ಯಾದಗಿರಿಯ ಲಿಂಗಾಯತರು, ಅವರು ಬೀದರಿನ ಮೆಥಡಿಸ್ಟ್ ಕ್ರೈಸ್ತರು. ಎರಡೂ ಮನೆಯವರು ಎರಡು ವರ್ಷ ಜಗಳಾಡಿ ಒಪ್ಪಿದ ದಿನ. ಅಷ್ಟೊತ್ತಿಗೆ ಪಿಂಕಿಗೆ ಐದೂವರೆ ತಿಂಗಳು.

ಅವ್ವನಿಗೆ ಮೆಲ್ಲಗೆ ಕೇಳಿದೆ — ಸ್ವಲ್ಪ ಮುಂಚೆ...?

"ಹುಚ್ಚೇನು? ಮುಂದಿನ ವಾರ ಧನುರ್ಮಾಸ. ಸಂಕ್ರಾಂತಿ ತನಕ ಮದುವಿ ಸುದ್ದಿ ತೆಗೀಬ್ಯಾಡ."

ಡಿ. 11

ಪಿಂಕಿ ಮನೆಯವರ ಪಾಸ್ಟರ್ ಹತ್ತಿರ ಹೋದೆ. ಹುಡುಗಿಯ ತಂದೆ ಬಂದು ಕೇಳಬೇಕಂತೆ. ಮೂರು ಭಾನುವಾರ ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದಬೇಕಂತೆ. "ಏಪ್ರಿಲ್ ಇನ್ನೂ ದೂರ ಅದ ತಮ್ಮಾ, ಏನು ಗಡಬಡಿ?" ಏನು ಗಡಬಡಿ ಎಂದು ಹೇಳಲಾಗಲಿಲ್ಲ. ರಿಜಿಸ್ಟ್ರಾರ್ ಆಫೀಸಿನಲ್ಲಿ ಮೂವತ್ತು ದಿನದ ನೋಟಿಸು.

ಅವರ ದೇವರು, ನಮ್ಮ ದೇವರು, ಸರ್ಕಾರ — ಮೂವರೂ ಒಂದಾದದ್ದು ಇದೇ ಮೊದಲು.

ಡಿ. 17

ಐದು ದಿನ ಪಿಂಕಿ ಫೋನ್ ಎತ್ತಿರಲಿಲ್ಲ. ಇವತ್ತು ಎತ್ತಿದಳು. ಅವ್ವ, ಪಾಸ್ಟರ್, ರಿಜಿಸ್ಟ್ರಾರ್ — ಎಲ್ಲ ವರದಿ ಒಪ್ಪಿಸಿದೆ.

"ಎಲ್ಲಾರ್ನೂ ಕೇಳ್ಕೊಂಡು ಬಂದಿ. ನನ್ನ ಕೇಳಿದೇನು? ಈ ಕೂಸು ಬೇಕೋ ಬ್ಯಾಡೋ ಅಂತ?"

ಆಗ ಕೇಳಿದೆ.

"ಬೇಕು... ಆದ್ರ ಹೆದರಿಕಿ ಆಗ್ಲಿಕ್ಕತ್ತದ ಕಿರಣ."

"ನನಗೂ."

"ನೀ ಹೆದರಬ್ಯಾಡ. ಪಪ್ಪಾಗ ಹೇಳಾಂವ ನೀನ."

ಡಿ. 20, ಶನಿವಾರ ಸಂಜೆ

ಪಿಂಕಿಯ ಪಪ್ಪಾ, ಆನಂದಕುಮಾರ ಅಂಕಲ್. ರಿಟೈರ್ಡ್ ಫೋರ್‌ಮನ್. ಮನೆ ಮುಂದೆ ಕ್ರಿಸ್‌ಮಸ್ ನಕ್ಷತ್ರ ಕಟ್ಟಲು ಕರೆದಿದ್ದರು. ಬಾಗಿಲ ಮೇಲಿನ ಸಜ್ಜಾದಲ್ಲಿ ನಾನು, ಕೆಳಗೆ ಏಣಿ ಹಿಡಿದು ಅವರು. ಎದುರು ನಿಂತು ಹೇಳುವ ಧೈರ್ಯ ಹೇಗೂ ಇಲ್ಲ. ಮೇಲಿಂದಲೇ ಹೇಳಿಬಿಟ್ಟೆ.

ಏಣಿ ಅಲುಗಾಡಿತು.

"ಕೆಳಗ ಇಳಿ."

"ಇಲ್ಲೇ ಇರ್ತೀನ್ರಿ ಅಂಕಲ್."

"ಇಳೀತಿಯೋ ಇಲ್ಲೋ?"

"ಹೊಡಿಯಂಗಿಲ್ಲ ಅಂದ್ರ ಇಳೀತೀನ್ರಿ."

ಅಂಕಲ್ ಏಣಿ ತೆಗೆದುಕೊಂಡು ಒಳಗೆ ಹೋದರು.

ಒಂದು ತಾಸು. ಓಣಿಯಲ್ಲಿ ಹೋಗುವವರೆಲ್ಲ ಹ್ಯಾಪಿ ಕ್ರಿಸ್‌ಮಸ್ ಎಂದರು. ನಾನೂ ಎಂದೆ. ಒಳಗೆ ಅಂಕಲ್ ದನಿ, ಪಿಂಕಿ ದನಿ, ಆಮೇಲೆ ಯಾರದೂ ಇಲ್ಲ. ಆಗ ಮಾತ್ರ ನಿಜವಾಗಿ ಹೆದರಿಕೆಯಾಯಿತು.

ಕೊನೆಗೆ ಏಣಿ ಬಂತು. ಅಂಕಲ್ ಕಣ್ಣು ಕೆಂಪಾಗಿದ್ದವು.

"ನಿನ್ನ ಬಿಟ್ರ ಬ್ಯಾರೆ ಯಾರೂ ಬ್ಯಾಡಂತ ಆಕಿಗೆ. ನಾಳಿ ಐತವಾರ. ಮೊದಲನೇ ಪ್ರಕಟಣೆ ಓದಿಸ್ತೀನಿ." ಏಣಿಗೆ ಕಾಲಿಟ್ಟೆ. "ನಿಲ್ಲು. ನಕ್ಷತ್ರ ಸೊಟ್ಟ ಅದ. ನೆಟ್ಟಗ ಮಾಡಿ ಇಳಿ."

ಡಿ. 21

ಪ್ರಕಟಣೆ ಓದಿ ಪಾಸ್ಟರ್ ಕೇಳಿದರು: "ಈ ಮದುವೆಗೆ ಯಾರದಾದರೂ ಆಕ್ಷೇಪಣೆ?" ಪಿಂಕಿ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ಇಡೀ ಚರ್ಚು ನನ್ನತ್ತ ತಿರುಗಿತು. ಅಂಕಲ್ ಎದ್ದು ನಿಂತರು. "ಇಡ್ಲಿ ಹಳಸಿದ್ವು."

ಡಿ. 25, ಗುರುವಾರ

ಪಿಂಕಿ ಮನೆಯಲ್ಲಿ ಕ್ರಿಸ್‌ಮಸ್ ಊಟ. ಅಪ್ಪ, ಅವ್ವನನ್ನೂ ಕರೆದಿದ್ದರು. ಎಲೆ ಹಾಕುವ ಮೊದಲೇ ಅಂಕಲ್ ಎಲ್ಲ ಹೇಳಿದರು. ಅವ್ವ ಎದ್ದಳು. ಹೊರಟೇಬಿಟ್ಟಳು ಅಂದುಕೊಂಡೆ. ಹೋಗಿ ಪಿಂಕಿ ಪಕ್ಕ ಕುಳಿತಳು.

"ಮುಂಜಾನಿಂದ ಏನರೆ ಉಂಡೀಯೇನವ್ವಾ?"

ಪಿಂಕಿ ಅತ್ತಳು. ನಾನೂ... ಸ್ವಲ್ಪ.

ಸಂಕ್ರಾಂತಿ ಮರುದಿನ ಮದುವೆ ಎಂದು ಅಲ್ಲೇ ನಿಶ್ಚಯವಾಯಿತು. ಮುಂಜಾನೆ ಚರ್ಚು, ಮಧ್ಯಾಹ್ನ ಅಕ್ಷತೆ.

"ಜನ ತಿಂಗಳು ಎಣಿಸ್ತಾರಲ್ಲವ್ವಾ?" ಎಂದೆ.

"ಏಳು ತಿಂಗಳಿಗೇ ಹುಟ್ಟಿತು ಅಂದ್ರಾತು. ನೀನೂ ಏಳು ತಿಂಗಳಿಗೇ ಹುಟ್ಟಿದಾಂವ."

ಹುಟ್ಟಿದಾಗ ನಾನು ಎಂಟು ಪೌಂಡ್ ಇದ್ದೆ ಎಂದು ಅಪ್ಪ ಇವತ್ತಿಗೂ ಎಲ್ಲರೆದುರು ಕೊಚ್ಚಿಕೊಳ್ಳುತ್ತಾರೆ. ಅಪ್ಪನತ್ತ ನೋಡಿದೆ. ಕೇಕಿನಿಂದ ದ್ರಾಕ್ಷಿ ಆರಿಸುತ್ತಿದ್ದರು. ಕಿವಿ ಕೆಂಪು.

"ಅಪ್ಪಾ, ನಿಮ್ಮ ಮದುವಿ ಯಾವ ತಿಂಗಳಾಗ..."

"ಕೇಕ್ ಚಲೋ ಆಗೇದ," ಎಂದರು ಅಪ್ಪ.

ಪಿಂಕಿ ದುಪಟ್ಟಾ ಬಾಯಿಗೆ ಒತ್ತಿ ಓಡಿದಳು. ವಾಂತಿ ಎಂದು ನೀರು ಹಿಡಿದು ಹಿಂದೆ ಓಡಿದೆ. ನಗು! ಹಿತ್ತಲ ಮೆಟ್ಟಿಲ ಮೇಲೆ ಕುಳಿತು, ಹೊಟ್ಟೆ ಹಿಡಿದುಕೊಂಡು.

ರಾತ್ರಿ ಇದನ್ನು ಬರೆಯುತ್ತಿರುವಾಗಲೇ ಫೋನ್ ಬಂತು. ಅವಳೇ. ಇನ್ನೂ ನಗುತ್ತಲೇ ಇದ್ದಾಳೆ. ಉಳಿದದ್ದು ನಾಳೆ.