ಜನವಸತಿಯಿಲ್ಲ ಎಂದು ನೀವು ಬರೆದ ಬೆಟ್ಟದಲ್ಲಿ ಮಲಕವ್ವ ಇದ್ದಳು

ಮಾಲಿನ್ಯದ ಮೇಲೆ ಕಣ್ಣಿಡಬೇಕಾದ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಗಾಳಿಕಲ್ಲು ಬೆಟ್ಟದ ಮೇಲಿದ್ದ ಗಾಳಿ ಪರೀಕ್ಷೆಯ ಕೇಂದ್ರವನ್ನು ಮುಚ್ಚಲು ಕಳೆದ ವರ್ಷ ನೀವು ಹೊರಡಿಸಿದ ಆದೇಶದಲ್ಲಿ ಕಾರಣವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ: "ಸದರಿ ಪ್ರದೇಶದಲ್ಲಿ ಜನವಸತಿ ಹಾಗೂ ಕೈಗಾರಿಕೆಗಳು ಇಲ್ಲದಿರುವುದರಿಂದ ಮಾಪನದ ಅಗತ್ಯ ಕಂಡುಬರುವುದಿಲ್ಲ." ಕೈಗಾರಿಕೆ ಇರಲಿಲ್ಲ, ನಿಜ. ಜನ ಇದ್ದರು. ಮಲಕವ್ವ ಇದ್ದಳು, ಅವಳ ಗಂಡ ಸಿದ್ರಾಮ ಇದ್ದ. ನಿಮ್ಮದೇ ಕೇಂದ್ರವನ್ನು ಕಾಯುವುದಕ್ಕಾಗಿ ಅಲ್ಲಿದ್ದರು. ನಿಮ್ಮ ಆದೇಶ ಅವರನ್ನು ಬೆಟ್ಟದಿಂದ ಇಳಿಸಿತು. ಇಳಿದ ಮೇಲೆ ಬಂದ ಮೊದಲ ಚಳಿಗಾಲದಲ್ಲೇ, ಈ ಜನವರಿಯಲ್ಲಿ, ಮಲಕವ್ವ ಪೀಣ್ಯದಲ್ಲಿ ತೀರಿಕೊಂಡಳು. ಸುದ್ದಿ ನಿಮ್ಮ ಕಚೇರಿಗೆ ತಲುಪಿರಲಾರದು. ಇಂಥ ಸುದ್ದಿಯನ್ನು ಸ್ವೀಕರಿಸುವ ವಿಭಾಗ ನಿಮ್ಮಲ್ಲಿ ಇದ್ದಂತಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಪೀಣ್ಯದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ರಾಸಾಯನಿಕ ಪರೀಕ್ಷೆ ಮಾಡುವವಳು. ಬೆಟ್ಟದಿಂದ ಬರುವ ಮಾದರಿಗಳನ್ನು ಪರೀಕ್ಷಿಸುವ ಕೆಲಸವನ್ನು ನಿಮ್ಮ ಕಚೇರಿಯೇ ನಮಗೆ ಒಪ್ಪಿಸಿತ್ತು. ನಾವು ಹುಡುಕುತ್ತಿದ್ದ ವಸ್ತುಗಳಿಗೆ ನಿಮ್ಮ ಕಡತಗಳಲ್ಲಿ "ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳು" ಎಂಬ ಉದ್ದನೆಯ ಹೆಸರಿದೆ. ಲ್ಯಾಬಿನಲ್ಲಿ ನಾವು ನಮ್ಮನಮ್ಮೊಳಗೆ ಅವನ್ನು "ಸಾಯದವು" ಎನ್ನುತ್ತೇವೆ. ಎಂದೋ ನಿಷೇಧವಾದ ಕೀಟನಾಶಕಗಳು, ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿದ್ದ ವಿಷ, ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಸುಟ್ಟಾಗ ಹುಟ್ಟುವ ವಿಷಗಳು ಈ ಜಾತಿಗೆ ಸೇರಿದವು. ಇವು ಬಿಸಿಯಾದಲ್ಲಿ ಆವಿಯಾಗಿ ಏಳುತ್ತವೆ, ಗಾಳಿಯ ಜೊತೆ ಸಾಗುತ್ತವೆ, ತಂಪು ಸಿಕ್ಕಲ್ಲಿ ಇಳಿಯುತ್ತವೆ. ಆದ್ದರಿಂದಲೇ ಕಾರ್ಖಾನೆಯ ನೆರಳೂ ಬೀಳದ ಎತ್ತರದ ಬೆಟ್ಟಗಳಲ್ಲಿ ಅವನ್ನು ಹುಡುಕಬೇಕು. ಊರೊಳಗೆ ಅಳೆದರೆ ಆ ಊರಿನ ಹೊಗೆ ಗೊತ್ತಾಗುತ್ತದೆ. ಬೆಟ್ಟದ ಮೇಲೆ ಅಳೆದರೆ ನಾವೆಲ್ಲ ಸೇರಿ ಆಕಾಶಕ್ಕೆ ಏನೇನು ಬಿಟ್ಟಿದ್ದೇವೆ ಎಂಬುದು ಗೊತ್ತಾಗುತ್ತದೆ. ಇದು ನನ್ನ ಮಾತಲ್ಲ. ಕೇಂದ್ರ ಉದ್ಘಾಟನೆಯಾದ ದಿನ ನಿಮ್ಮ ಕಚೇರಿಯವರೇ ವೇದಿಕೆಯ ಮೇಲೆ ಆಡಿದ್ದು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.

ಮಲಕವ್ವ, ಸಿದ್ರಾಮ ಸಿಂದಗಿ ಕಡೆಯವರು. ನಾನು ಬಾಡಿಗೆಗಿರುವ ಮನೆಯ ಹಿಂದೆ, ಶೀಟು ಹೊದಿಸಿದ ಕೋಣೆಗಳ ಸಾಲಿನಲ್ಲಿ ವಾಸವಾಗಿದ್ದರು. ಸಾಲಿನ ತುದಿಗೆ ಗುಜರಿ ಯಾರ್ಡು. ಹಳೆಯ ಕೇಬಲ್ಲುಗಳನ್ನು ರಾಶಿ ಹಾಕಿ ಸುಟ್ಟು ಒಳಗಿನ ತಾಮ್ರ ತೆಗೆಯುವುದು ಸಿದ್ರಾಮನ ಕೆಲಸ. ತಣ್ಣಗಾದ ತಂತಿಯ ಕರಿ ಕೆರೆದು ಸುರುಳಿ ಸುತ್ತುವುದು ಮಲಕವ್ವನದು. ನಮ್ಮ ಮನೆಯ ನಲ್ಲಿಗೆ ಅವಳು ನೀರಿಗೆ ಬರುತ್ತಿದ್ದಳು. ಕೊಡ ತುಂಬುವ ತನಕ ಮೆಟ್ಟಿಲ ಮೇಲೆ ಕೂತು ಹರಟುವಳು, ನಗಿಸುವಳು, ನಡುವೆ ಕೆಮ್ಮು ಬಂದರೆ ಗೋಡೆ ಹಿಡಿದು ಬಗ್ಗುವಳು. ಬರಬರುತ್ತ ಮಾತು ಕಡಿಮೆಯಾಗಿ ಕೆಮ್ಮು ಹೆಚ್ಚಾಯಿತು. ನಾನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ನೋಡಿದ ಡಾಕ್ಟರು ಔಷಧಿ ಬರೆದುಕೊಟ್ಟು, "ಇದು ಅರ್ಧ ಕೆಲಸ ಮಾಡುತ್ತೆ ಅಷ್ಟೇ. ಇವರು ಮೊದಲು ಆ ಹೊಗೆ ಬಿಟ್ಟು ಹೋಗ್ಬೇಕು" ಎಂದರು. ಹೊರಗೆ ಬಂದ ಮೇಲೆ ಮಲಕವ್ವ ನನ್ನ ಮುಖ ನೋಡಿದಳು.

"ಬಿಟ್ಟು ಎಲ್ಲಿಗಿ ಹೋಗ್ಬೇಕಂತ ಅವ್ರು ಹೇಳ್ಲಿಲ್ಲಲ್ಲ ಅಕ್ಕಾ?"

ಬೆಟ್ಟದ ಕೇಂದ್ರಕ್ಕೆ ಅಲ್ಲೇ ಉಳಿಯುವ ಕಾವಲುಗಾರ ಬೇಕಾಗಿದ್ದಾನೆಂಬ ಸುದ್ದಿ ಬಂದದ್ದು ಅದೇ ಸುಮಾರಿಗೆ. ಬಸ್ಸಿಳಿದು ಅರ್ಧ ದಿನ ನಡೆಯಬೇಕು, ಹತ್ತಿರದಲ್ಲಿ ಅಂಗಡಿಯಿಲ್ಲ, ಮಳೆಗಾಲದಲ್ಲಿ ಎದುರಿಗಿದ್ದವರು ಕಾಣದಷ್ಟು ಮಂಜು. ಆ ಕಡೆಯವರು ಯಾರೂ ಒಪ್ಪಿರಲಿಲ್ಲ. ನಾನು ಸಿದ್ರಾಮನ ಹೆಸರು ಸೂಚಿಸಿದೆ. ಕೆಲಸ ಕಷ್ಟದ್ದಲ್ಲ. ಎರಡು ಸ್ಟೀಲ್ ಬೋಗುಣಿಗಳನ್ನು ಬಾಯಿಗೆ ಬಾಯಿ ಕೊಟ್ಟು, ಸ್ವಲ್ಪ ಸಂದು ಬಿಟ್ಟು, ಕಂಬಕ್ಕೆ ತೂಗುಹಾಕಿರುತ್ತೇವೆ. ನಡುವೆ ಸ್ಪಂಜಿನ ಬಿಲ್ಲೆ. ಸಂದಿನಲ್ಲಿ ಸುಳಿದಾಡುವ ಗಾಳಿಯಿಂದ ವಿಷವನ್ನು ಆ ಬಿಲ್ಲೆ ಹೀರಿ ಇಟ್ಟುಕೊಳ್ಳುತ್ತದೆ. ಋತು ಬದಲಾದಾಗ ಹೊಸ ಬಿಲ್ಲೆ ಹಾಕಿ ಹಳೆಯದನ್ನು ನಮಗೆ ತಲುಪಿಸಬೇಕು. ದನ, ಕೋತಿ, ಚಾರಣಕ್ಕೆ ಬಂದವರು ಮುಟ್ಟದಂತೆ ಕಾಯಬೇಕು. ಮುಂಗಾರು ಹಿಡಿಯುವ ಮೊದಲೇ ಗಂಡಹೆಂಡತಿ ಹೊರಟರು.

ಮಾರನೆಯ ಬೇಸಿಗೆಯಲ್ಲಿ ನಾನು ಬೆಟ್ಟ ಹತ್ತಿದಾಗ ಏದುಸಿರು ಬಿಟ್ಟವಳು ನಾನು. ನನ್ನ ಚೀಲವನ್ನೂ ತಲೆಯ ಮೇಲಿಟ್ಟುಕೊಂಡು ಮಲಕವ್ವ ಮುಂದೆ ಹೋಗುತ್ತಿದ್ದಳು. "ಬರ್ರಿ ಅಕ್ಕಾ, ಈಗ ಕುಂತ್ರ ಕುಂತೇ ಬಿಡ್ತೀರಿ" ಎಂದು ತಿರುತಿರುಗಿ ನಗುತ್ತಿದ್ದಳು. ಕೋಣೆಯ ಹಿಂದೆ ಕಲ್ಲು ಜೋಡಿಸಿ ಮಡಿ ಮಾಡಿ ಪುಂಡಿಪಲ್ಲೆಯ ಸೊಪ್ಪು ಹಾಕಿದ್ದಳು. ಕೆಮ್ಮು ಪೂರ್ತಿ ಹೋಗಿರಲಿಲ್ಲ, ಆದರೆ ಗೋಡೆ ಹಿಡಿಯುವಂಥ ಕೆಮ್ಮು ಅದಾಗಿರಲಿಲ್ಲ. "ಹೆಂಗದ ಇಲ್ಲಿ?" ಎಂದು ಅವಳದೇ ಮಾತಿನಲ್ಲಿ ಕೇಳಿದೆ. "ಮಂಜಿಗಿ ಮೆಣಸಿನಕಾಯಿ ಒಣಗೂದಿಲ್ರಿ. ಅದೊಂದೇ ತ್ರಾಸು ನೋಡ್ರಿ" ಎಂದಳು.

ಊಟಕ್ಕೆ ಕೂತಾಗ ಸಿದ್ರಾಮ ಬಿಲ್ಲೆಗಳ ಸುದ್ದಿ ಎತ್ತಿದ.

"ಏನರೆ ಸಿಕ್ತೇನ್ರಿ ಅದರಾಗ?"

ಇದ್ದದ್ದನ್ನು ಹೇಳಿದೆ. ಹಳೆಯ ಕೀಟನಾಶಕಗಳು ಸಿಕ್ಕಿದ್ದವು. ಅದರ ಜೊತೆಗೆ, ಕೇಬಲ್ ಸುಟ್ಟಾಗ ಬರುವಂಥವೂ ಸಿಕ್ಕಿದ್ದವು. ಮುಂಗಾರಿನಲ್ಲಿ ಗಾಳಿ ಕಡಲ ಕಡೆಯಿಂದ ಬೀಸಿದಾಗ ಹೀರಿದ ಬಿಲ್ಲೆಯಲ್ಲಿ ಕಡಿಮೆ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ, ಅಂದರೆ ನಮ್ಮ ಕಡೆಯಿಂದ, ಬೀಸಿದಾಗಿನ ಬಿಲ್ಲೆಯಲ್ಲಿ ಹೆಚ್ಚು. ಸಿದ್ರಾಮ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟ.

"ಅಂದ್ರ ನಾ ಪೀಣ್ಯದಾಗ ಸುಟ್ಟಿದ್ದು ನನ್ನ ಹಿಂದೇ ಇಲ್ಲಿಗಿ ಬಂದದ ಅನ್ರಿ."

ಹಾಗೆ ಹೇಳಲಾಗುವುದಿಲ್ಲ, ಎಷ್ಟೋ ಊರುಗಳ ಹೊಗೆ ಕೂಡಿ ಬರುತ್ತದೆ, ಎಲ್ಲಿಂದ ಎಷ್ಟು ಬಂತೆಂದು ತಿಳಿಯಲು ಹಲವು ವರ್ಷ ಅಳೆಯಬೇಕು, ಈಗ ಸಿಕ್ಕಿರುವುದು ಹೆದರುವಷ್ಟಲ್ಲ ಎಂದೆ. ನಿಜವನ್ನೇ ಹೇಳಿದ್ದೆ. ಅವನಿಗೆ ಸಮಾಧಾನವಾಗಲಿಲ್ಲ. ಮಲಕವ್ವ "ಹೊಗಿ ಎಲ್ಲಿಗಿ ಹೋಗ್ತದ ಅಂತ ನಾವು ಒಂದಿನಾನೂ ಕೇಳ್ಲಿಲ್ಲ ನೋಡ್ರಿ ಅಕ್ಕಾ. ಕಣ್ಣಿಗಿ ಕಾಣೂದು ನಿಂತ್ರ ಮುಗೀತು ಅಂತ ತಿಳ್ಕೊಂಡಿದ್ವಿ" ಎಂದಳು. ಮಾನ್ಯರೇ, ಈ ವಿಷಯದ ಮೇಲೆ ನಡೆದ ವಿಚಾರ ಸಂಕಿರಣಗಳಲ್ಲಿ ನೀವೂ ನಾನೂ ಕೂತಿದ್ದೇವೆ. ಹೊಗೆ ಬಿಟ್ಟವರಲ್ಲಿ ಒಬ್ಬರಾದರೂ ಹೀಗೆ ನೊಂದುಕೊಂಡದ್ದನ್ನು ಅಲ್ಲಿ ಕಂಡಿದ್ದೀರಾ?

ಮುಂದಿನ ಸಲ ಮಾದರಿ ತಲುಪಿಸಲು ಬಂದಾಗ ಸಿದ್ರಾಮ ನೇರ ಯಾರ್ಡಿಗೆ ಹೋದ. ನಾನೂ ಜೊತೆಗಿದ್ದೆ. ಯಾರ್ಡಿನ ಮಾಲೀಕರು ಆಂಜಿನಪ್ಪನವರು, ಇಲ್ಲಿನ ಹಳೆಯ ಊರಿನವರು. ಯಾರ್ಡು ಇರುವ ಜಾಗ ಒಂದು ಕಾಲಕ್ಕೆ ಅವರ ರಾಗಿ ಹೊಲ. "ಸುಡೂದು ಬಿಡಿಸ್ರಿ ಯಜಮಾನ್ರ, ಕೇಬಲ್ ಸುಲಿಯೂ ಮಶೀನ್ ಬಂದಾವಂತ" ಎಂದು ಸಿದ್ರಾಮ ಕೈಮುಗಿದ. ಆಂಜಿನಪ್ಪನವರು ರೇಗಲಿಲ್ಲ. "ನಂಗೇನ್ ಆಸೆ ಏನಪ್ಪಾ ಇಂಗೆ ಸುಡ್ಸೋಕೆ? ನಮ್ಮನೆ ಮಕ್ಳೂ ಇದೇ ಗಾಳಿ ಕುಡೀತಾವೆ. ನಾನೊಬ್ಬ ನಿಲ್ಸಿದ್ರೆ ಮಾಲು ಪಕ್ಕದ್ ಯಾರ್ಡ್‌ಗೆ ಓಯ್ತದೆ, ಅಷ್ಟೆಯ. ಆ ಆಫೀಸ್ನೋರು ಒಂದ್ ಸಲ ಬಂದು ಎಲ್ರೂಗೂ ಸುಡಬ್ಯಾಡಿ ಅಂತ ಯೋಳ್ಲಿ. ಅವತ್ತೇ ಬೆಂಕಿ ಆರಿಸ್ತೀನಿ" ಎಂದರು. "ಆಫೀಸ್ನೋರು" ಎಂದರೆ ನೀವು, ಮಾನ್ಯರೇ. ಪೀಣ್ಯದವರೆಗೆ ಮೆಟ್ರೋ ಬಂದು ಎಷ್ಟೋ ಕಾಲವಾಯಿತು. ನಿಮಗಿನ್ನೂ ದಾರಿ ಸಿಕ್ಕಿಲ್ಲ.

ಆ ವರ್ಷದ ಮಳೆಗಾಲ ಕಳೆದ ಮೇಲೆ ನಾವು ವರದಿ ಕೊಟ್ಟೆವು. ಬೆಟ್ಟದ ಮಾಪನವನ್ನು ಕೆಲವು ವರ್ಷ ಮುಂದುವರಿಸಬೇಕು, ಅಂಥದೇ ಬೋಗುಣಿಗಳನ್ನು ಪೀಣ್ಯದ ಯಾರ್ಡುಗಳ ಬಳಿಯೂ ತೂಗುಹಾಕಬೇಕು, ಆಗ ಎರಡನ್ನೂ ಹೋಲಿಸಿ ನೋಡಬಹುದು ಎಂದು ಕೇಳಿಕೊಂಡೆವು. ಉತ್ತರವಾಗಿ ಮರುವರ್ಷ ಬಂದದ್ದು ಮುಚ್ಚುವ ಆದೇಶ. ನಾನು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಮಾತಾಡಿದವರು ಸಭ್ಯರೇ. "ಮೇಡಂ, ಬೆಟ್ಟದ್ ಮೇಲೆ ಯಾರಿದಾರೆ ಹೇಳಿ, ಯಾರಿಗ್ ತೊಂದ್ರೆ ಆಗ್ತಿದೆ? ಸುಮ್ನೆ ಇದು ಹೊರಗ್ ಬಂದ್ರೆ ಟೀವಿಯವರು ಪೀಣ್ಯ, ಪೀಣ್ಯ ಅಂತ ಕೂಗ್ತಾರೆ" ಎಂದರು. ಅಲ್ಲಿ ಇಬ್ಬರಿದ್ದಾರೆ ಎಂದೆ. "ಅಯ್ಯೋ, ಅವ್ರು ನಾವೇ ಇಟ್ಟೋರಲ್ವಾ ಮೇಡಂ. ಅವ್ರನ್ನ ಜನ ಅಂತ ಹೇಗೆ ತೋರ್ಸೋದು?" ಅವರು ತಮಾಷೆ ಮಾಡುತ್ತಿರಲಿಲ್ಲ. ತಮಾಷೆಯಾಗಿದ್ದರೆ ಇವತ್ತು ನಾನು ಅದನ್ನು ಕ್ಷಮಿಸಬಹುದಿತ್ತೇನೋ.

ಬೆಟ್ಟ ಇಳಿದ ಮೇಲೆ ಸಿದ್ರಾಮ ಬೇರೆ ಕೆಲಸ ಹುಡುಕಲಿಲ್ಲ ಎಂದುಕೊಳ್ಳಬೇಡಿ. ಹೆಬ್ಬಗೋಡಿಯ ಫ್ಯಾಕ್ಟರಿ ಗೇಟುಗಳ ಮುಂದೆ ನಿಂತ. ಆನೇಕಲ್ ಕಡೆಯ ಹೂವಿನ ತೋಟಗಳಲ್ಲಿ ಕೇಳಿದ. ಅಲ್ಲಷ್ಟು ಇಲ್ಲಷ್ಟು ದಿನ ಕೆಲಸ ಸಿಕ್ಕಿತು, ಯಾವುದೂ ಖಾಯಂ ಆಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಯಾರ್ಡಿಗೆ, ಅದೇ ಸಾಲಿನ ಇನ್ನೊಂದು ಕೋಣೆಗೆ ವಾಪಸು ಬಂದರು. ಮತ್ತೆ ಬೆಂಕಿ ಹಚ್ಚಿದ ಮೊದಲನೆಯ ದಿನ ಅವನು ಹೆಂಡತಿಯನ್ನು ನಮ್ಮ ಮನೆಗೆ ಕಳಿಸಿದ. ನಾನು ಬಾಗಿಲು ಕಿಟಕಿಗಳನ್ನೆಲ್ಲ ಹಾಕಿದೆ. ಮಲಕವ್ವ ಕಿಟಕಿಯ ಗಾಜಿನಿಂದ ಹೊಗೆ ಏಳುವುದನ್ನೇ ನೋಡುತ್ತಿದ್ದಳು.

"ಇವತ್ತ ಗಾಳಿ ಯಾವ ಕಡಿ ಅದ ಅಕ್ಕಾ?"

ಪಶ್ಚಿಮದ ಕಡೆ ಹೋಗುತ್ತಿದೆ ಎಂದೆ.

"ಅಂದ್ರ ಬೆಟ್ಟಕ್ಕ ಹೊಂಟದ," ಎಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೆಮ್ಮಿಗೆಂದು ನಾನು ತಿಳಿದೆ. ಅವಳು ಅಳುತ್ತಿದ್ದಳು.

ದಿನಾ ನಮ್ಮ ಮನೆಗೆ ಬಂದು ಕೂರಲು ಅವಳು ಒಪ್ಪಲಿಲ್ಲ. ತಂತಿ ಕೆರೆಯುವ ಕೆಲಸಕ್ಕೆ ಮತ್ತೆ ಕೂತಳು. ಡಿಸೆಂಬರಿನಲ್ಲಿ ಕೊಡ ಎತ್ತುವುದು ನಿಂತಿತು. ನಾನೇ ನೀರು ಕೊಟ್ಟು ಬರುತ್ತಿದ್ದೆ. ಜನವರಿಯ ಒಂದು ಬೆಳಿಗ್ಗೆ ಸಿದ್ರಾಮ ಅವಳನ್ನು ಎತ್ತಿಕೊಂಡೇ ನಮ್ಮ ಬಾಗಿಲಿಗೆ ಬಂದ. ಆಸ್ಪತ್ರೆಯಲ್ಲಿ ಅವಳಿಗೆ ಮಲಗಲು ಆಗುತ್ತಿರಲಿಲ್ಲ. ಗಂಡನ ಹೆಗಲಿಗೆ ಒರಗಿ ಕೂತೇ ಉಸಿರು ಎಳೆದುಕೊಳ್ಳುತ್ತಿದ್ದಳು. "ಪುಂಡಿ ಬೀಜಕ್ಕ ಬಿಟ್ಟು ಬಂದೆ, ಯಾರರೆ ಕಿತ್ಕೋತಾರೇನೋ" ಎಂದು ಒಮ್ಮೆ ಹೇಳಿದಳು. ನನಗೆ ಕೇಳಿಸಿದ ಕೊನೆಯ ಮಾತು ಅದೇ. ಸಾವಿಗೆ ಕಾರಣ ನ್ಯುಮೋನಿಯಾ ಎಂದು ಬರೆದುಕೊಟ್ಟರು. ಸಿದ್ರಾಮ ಅವಳನ್ನು ಊರಿಗೆ ಒಯ್ದು ಮಣ್ಣು ಮಾಡಿದ. ಮತ್ತೆ ಬೆಂಗಳೂರಿಗೆ ಬರುವುದಿಲ್ಲ ಎಂದು ಅಲ್ಲಿಂದಲೇ ಫೋನ್ ಮಾಡಿ ತಿಳಿಸಿದ.

ನೀವು ಕೇಳಬಹುದು: ಆ ಹೆಂಗಸನ್ನು ಕೆಡಿಸಿದ್ದು ಪೀಣ್ಯದ ಹೊಗೆ, ಎಲ್ಲೋ ಇದ್ದ ಬೆಟ್ಟದ ಮಾಪನಕ್ಕೂ ಇದಕ್ಕೂ ಏನು ಸಂಬಂಧ? ನ್ಯಾಯವಾದ ಪ್ರಶ್ನೆ. ನಿಮ್ಮ ಆದೇಶದಿಂದಲೇ ಅವಳು ಸತ್ತಳೆಂದು ಸಾಬೀತು ಮಾಡುವ ಯಂತ್ರ ನನ್ನ ಪ್ರಯೋಗಾಲಯದಲ್ಲಿ ಇಲ್ಲ. ಆದರೆ ಯಾರ್ಡಿನ ಹೊಗೆ ಯಾರ್ಡಿನವರ ಹಣೆಬರಹ ಮಾತ್ರ ಎಂದು ನಾವೆಲ್ಲ ಇಷ್ಟು ವರ್ಷ ಮೂಗು ಮುಚ್ಚಿಕೊಂಡು ಓಡಾಡಿದೆವು. ಅದು ಹಾಗಲ್ಲ ಎಂದು ತೋರಿಸಿಕೊಟ್ಟದ್ದು ಬೆಟ್ಟದ ಮೇಲಿನ ಆ ಸ್ಪಂಜಿನ ಬಿಲ್ಲೆ. ಅದು ಅಲ್ಲಿ ತೂಗುತ್ತಲೇ ಇದ್ದಿದ್ದರೆ ವರ್ಷ ವರ್ಷವೂ ವರದಿ ಬರುತ್ತಿತ್ತು. ಒಂದಲ್ಲ ಒಂದು ದಿನ ನಿಮ್ಮವರು ಪೀಣ್ಯಕ್ಕೆ ಬರಲೇಬೇಕಾಗುತ್ತಿತ್ತು. ಅಳೆಯುವುದನ್ನು ನಿಲ್ಲಿಸಿದರೆ ಬೆಟ್ಟ ಶುದ್ಧವಾಗುತ್ತದೆಯೇ? ವರದಿಯಲ್ಲಿ ಆಗುತ್ತದೆ. ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳಲು ನಿಮಗೆ ಹೇಗೆ ಸಾಧ್ಯವಾಯಿತು ಎಂಬುದೇ ನನಗೆ ಅರ್ಥವಾಗದು.

ಮಲಕವ್ವ ಇದ್ದ ಕೋಣೆಗೆ ಈಗ ರಾಯಚೂರು ಕಡೆಯ ಬೇರೆ ಸಂಸಾರ ಬಂದಿದೆ. ಆ ಹೆಣ್ಣುಮಗಳ ಹೆಸರು ಭುವನೇಶ್ವರಿ. ಅವಳಿಗಿನ್ನೂ ಕೆಮ್ಮು ಶುರುವಾಗಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಗಾಳಿಕಲ್ಲು ಬೆಟ್ಟದ ಕೇಂದ್ರವನ್ನು ಮತ್ತೆ ತೆರೆಯಿರಿ. ಈವರೆಗಿನ ಫಲಿತಾಂಶಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಸುಡುವುದನ್ನು ನಿಲ್ಲಿಸಿ, ಸುಡುವವರಿಗೆ ಬೇರೆ ದಾರಿ ತೋರಿಸಿ; ಮೊದಲನೆಯದನ್ನು ಮಾತ್ರ ಮಾಡಿ ಎರಡನೆಯದನ್ನು ಮರೆಯಬೇಡಿ.

ಇನ್ನೊಂದು ವಿಷಯ ಉಳಿದಿದೆ. ಕೇಂದ್ರ ಮುಚ್ಚುವ ಮುನ್ನ ಬೆಟ್ಟದಿಂದ ತಂದ ಕೊನೆಯ ಬಿಲ್ಲೆಗಳು ಗಾಜಿನ ಭರಣಿಗಳಲ್ಲಿ, ನಮ್ಮ ಫ್ರೀಜರಿನಲ್ಲಿ ಇವೆ. ಯೋಜನೆ ಮುಗಿದಿರುವುದರಿಂದ ಅವನ್ನು ಪರೀಕ್ಷಿಸದೆ ವಿಲೇವಾರಿ ಮಾಡಿ ಎಂದು ಹೋದ ವಾರ ನಿಮ್ಮ ಕಚೇರಿ ಸೂಚಿಸಿದೆ. ಮಾನ್ಯರೇ, ಅದು ಮಲಕವ್ವ ಬೆಟ್ಟದಲ್ಲಿದ್ದ ಕೊನೆಯ ತಿಂಗಳುಗಳ ಗಾಳಿ. ಅದರಲ್ಲಿ ವಿಷ ಎಷ್ಟಿದೆಯೋ ನನಗೆ ಗೊತ್ತಿಲ್ಲ. ಆದರೂ ಆ ಗಾಳಿಯಲ್ಲಿ ಅವಳು ಗೋಡೆ ಹಿಡಿಯದೆ ಉಸಿರಾಡಿದ್ದಳು. ನಾನು ಅದನ್ನು ಎಸೆಯುವುದಿಲ್ಲ. ಪರೀಕ್ಷಿಸಲು ಅನುಮತಿ ಕೊಡಿ. ಕೊಡಲಾಗದಿದ್ದರೆ ನೀವೇ ಪೀಣ್ಯಕ್ಕೆ ಬಂದು, ನಿಮ್ಮ ಕೈಯಾರೆ ತೆಗೆದುಕೊಂಡು ಹೋಗಿ.

ಇಂತಿ,
ನಿಮ್ಮ ಸೂಚನೆಯೊಂದನ್ನು ಮೊದಲ ಬಾರಿಗೆ ಪಾಲಿಸದೆ ಉಳಿದ,
ಸವಿತಾ
ಪೀಣ್ಯ, ಬೆಂಗಳೂರು