ಶನಿವಾರದ ಲಾರಿ

ಹಳ್ಳಿಮೈಸೂರು
2-5-2000

ತಂಗಿ ಸುಬ್ಬಮ್ಮನಿಗೆ,

ಬಿತ್ತನೆ ಗೆಡ್ಡೆ ಮಾರಿಬಿಡುತ್ತೇನೆಂದು ನಿನ್ನೆ ನೀನು ಹೇಳಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಶುಕ್ರವಾರ ಗ್ರಹಗಳೆಲ್ಲ ಸಾಲಾಗಿ ಬಂದು ಪ್ರಳಯವಾಗುತ್ತದೆಂದು ಕರಪತ್ರ ಹಂಚಿದವನು ಮಂಡಿ ರಂಗಸ್ವಾಮಿ. ಇನ್ನು ಬಿತ್ತಿ ಏನು ಫಲವೆಂದು ಜನ ಮಾರುವ ಬಿತ್ತನೆ ಆಲೂಗೆಡ್ಡೆಯನ್ನು ಅರ್ಧ ಬೆಲೆಗೆ ಕೊಳ್ಳುತ್ತಿರುವವನೂ ಅವನೇ. ಕಾಲೇಜಿನಲ್ಲಿ ಇದಕ್ಕೆ ಡಿಮ್ಯಾಂಡ್ ಅಂಡ್ ಏನೋ ಅನ್ನುತ್ತಿದ್ದರು, ಮರೆತಿದೆ.

"ಲೋಕಾನೇ ಮುಳುಗೋದಾದ್ರೆ ಶನಿವಾರಕ್ಕೆ ಲಾರಿ ಯಾಕ್ ಹೇಳಿದ್ದೀಯಪ್ಪಾ?" ಎಂದೆ.

"ಉಳ್ಕಂಡ್ರೆ ಇರ್ಲಿ ಅಂತ ಕಣ್ ಸಾ," ಎಂದು ನಕ್ಕ.

ನಿನ್ನ ಮೂಟೆಗಳನ್ನು ಅವನಿಗೆ ಕೊಡಬೇಡ. ನನ್ನವು ಭಾನುವಾರವೇ ಅವನ ಮಂಡಿಗೆ ಹೋದವು. ನಿನ್ನತ್ತಿಗೆ ಬದುಕಿದ್ದಿದ್ದರೆ ಮಾರಲು ಬಿಡುತ್ತಿರಲಿಲ್ಲ. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಇದನ್ನು ಕಳಿಸುತ್ತೇನೆ. ಶುಕ್ರವಾರ ಬಿತ್ತನೆಗೆ ಗೆಡ್ಡೆ ಹೋಳು ಮಾಡಲು ನಾನೇ ಬರುತ್ತೇನೆ, ಕುಡುಗೋಲು ಮಸೆಸಿಡು. ಇನ್ನೂ ಬರೆಯುವುದಿತ್ತು, ಬೆಳಕು ಕಂತುತ್ತಿದೆ.

ನಿನ್ನಣ್ಣ
ಜವರಪ್ಪ